ಚಿತ್ರದ ಕೆಳಗಿನ ಸಾಲು

ಅಣ್ಣ ಬರುವುದು ಹನ್ನೆರಡರ ಬಸ್ಸಿಗೆ ಎಂದು ಗೊತ್ತಿದ್ದೂ ಗಂಗಾದೇವಿ ಬೆಳಗ್ಗೆ ಎಂಟರಿಂದಲೇ ಬಾಗಿಲ ಕಡೆ ನೋಡುತ್ತಿದ್ದಳು. ನೋಡುತ್ತಿರುವುದು ಅತ್ತೆಗೆ ಕಾಣಬಾರದೆಂದು ಬೆನ್ನನ್ನು ಬಾಗಿಲಿಗೆ ಮಾಡಿ ರೊಟ್ಟಿ ಬಡಿಯಲು ಕೂತಳು. ಆಗ ಕಿವಿ ಅತ್ತ ತಿರುಗಿತು. ಬೆಳಗಾವಿಯ ಅನಗೋಳದ ಆ ಓಣಿಯಲ್ಲಿ ಭಾನುವಾರ ಹೆಜ್ಜೆಗಳು ಜಾಸ್ತಿ. ಪ್ರತಿ ಹೆಜ್ಜೆಗೂ ಅವಳ ಕೈ ಒಂದು ಕ್ಷಣ ನಿಂತು, ರೊಟ್ಟಿ ಒಂದು ಕಡೆ ದಪ್ಪವಾಗಿ ಉಳಿಯುತ್ತಿತ್ತು. ಅಣ್ಣ ಬಾಳಪ್ಪ ಖಾನಾಪುರದಿಂದ ಬರೆದ ಕಾರ್ಡಿನಲ್ಲಿ ಎರಡೇ ಸಾಲು. ಸೋಮವಾರ ಅವರಿಗೆ ಮಾತು ಕೊಡಬೇಕು. ಭಾನುವಾರ ಬಂದು ನಿನ್ನ ಮತ್ತು ಸಿದ್ದಕ್ಕನವರ ಮಾತು ತಿಳಿದುಕೊಂಡು ಹೋಗುತ್ತೇನೆ. ಕಾರ್ಡು ತೆರೆದೇ ಬಂದಿತ್ತು. ಅಂಚೆಯವನು ಓದಿರಬಹುದು, ಓಣಿಯೇ ಓದಿರಬಹುದು. ಅತ್ತೆ ಸಿದ್ದಕ್ಕನಿಗೆ ಮಾತ್ರ ಅಕ್ಷರ ಬರುತ್ತಿರಲಿಲ್ಲ. ಅವಳಿಗೆ ಗಂಗಾದೇವಿಯೇ ಓದಿ ಹೇಳಬೇಕಾಯಿತು. ಓದುವಾಗ ‘ನಿನ್ನ’ ಎಂಬುದನ್ನು ಬಿಟ್ಟು, ಸಿದ್ದಕ್ಕನವರ ಮಾತು ತಿಳಿದುಕೊಂಡು ಹೋಗುತ್ತಾನಂತೆ ಎಂದಷ್ಟೇ ಓದಿದ್ದಳು.

ಮಾತು ಕೊಡಬೇಕಾದದ್ದು ಗಂಗಾದೇವಿಯ ಉಡಿಕಿಗೆ. ಉಡಿಕಿ ಎಂದರೆ ವಿಧವೆಯ ಮರುಮದುವೆ, ಅದಕ್ಕೆ ವಾಲಗವಿಲ್ಲ, ಅಕ್ಕಿಕಾಳಿಲ್ಲ. ಸಂಜೆ ಹೊತ್ತು ನಾಲ್ಕು ಮಂದಿಯ ಎದುರು ವಿಧವೆಗೆ ಹೊಸ ಸೀರೆ ಉಡಿಸಿ ಕರೆದುಕೊಂಡು ಹೋಗುತ್ತಾರೆ, ಅಷ್ಟೇ. ಆದರೆ ಅದಕ್ಕೂ ಮೊದಲು ಸತ್ತ ಗಂಡನ ತಾಯಿ ಬಾಯಿಬಿಟ್ಟು ‘ಹೋಗು’ ಎನ್ನಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ನಡೆಯದು, ತಲೆಯಾಡಿಸಿದರೂ ನಡೆಯದು. ಎರಡೂ ಕಡೆಯವರು ಕೇಳುವಂತೆ ಅನ್ನಬೇಕು. ಸಿದ್ದಕ್ಕ ಮೂರು ವಾರದಿಂದ ಆ ಮಾತೊಂದನ್ನು ಬಿಟ್ಟು ಬೇರೆಲ್ಲ ಆಡಿದ್ದಳು. ಖಾನಾಪುರದ ನೀರು ಭಾರವೆಂದಳು. ಅಲ್ಲಿ ಎಲ್ಲರೂ ಮರಾಠಿ ಮಾತಾಡುತ್ತಾರೆಂದಳು. ಹಿರಿಯ ಮಗ ಪೀರನವಾಡಿಯಲ್ಲಿ ಹೊಸ ಮನೆ ಕಟ್ಟಿ ಬಾ ಬಾ ಎಂದು ಕರೆಯುತ್ತಿದ್ದಾನೆ, ತನಗೇನು ದಿಕ್ಕಿಲ್ಲವೇ ಎಂದೂ ಒಮ್ಮೆ ಅಂದಳು. ಗಂಗಾದೇವಿಯೂ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಹೇಳಲಿ ಎಂದು ಇವಳು, ಇವಳು ಕೇಳಲಿ ಎಂದು ಅವಳು. ಇಬ್ಬರ ನಡುವೆ ಆ ಮಾತು ಒಲೆಯ ಮೇಲೆ ಮರೆತ ಎಸರಿನಂತೆ ಕುದ್ದು ಕುದ್ದು ತಳ ಹಿಡಿಯುತ್ತಿತ್ತು.

ಮಾತು ಸಲೀಸಾಗಿ ಬರುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ. ದಿಲ್ಲಿಯ ಚಿತ್ರೋತ್ಸವದಲ್ಲಿ ಹೆಸರು ಮಾಡಿದ ಪರದೇಶದ ಚಿತ್ರಗಳನ್ನು ಏಳು ಭಾನುವಾರ ಟಿ.ವಿ.ಯಲ್ಲಿ ತೋರಿಸುತ್ತಾರೆಂದು ಪೇಪರಿನಲ್ಲಿ ಬಂದಾಗ ಓಣಿಯ ಅರ್ಧ ಮಂದಿ ಇವರ ಪಡಸಾಲೆಯಲ್ಲಿ ಬಂದು ಕೂತಿದ್ದರು. ಇಂಗ್ಲಿಷ್ ಪಿಚ್ಚರು ಅಂದರೆ ಕುದುರೆ, ಬಂದೂಕು, ಬಡಿದಾಟ ಎಂದುಕೊಂಡು ಬಂದವರು. ಚಿತ್ರ ಇಂಗ್ಲಿಷಿನದಲ್ಲ, ಜಪಾನಿನದು. ಒಬ್ಬ ಮುದುಕ ಹದಿನೈದು ನಿಮಿಷ ಗಿಡಕ್ಕೆ ನೀರು ಹಾಕಿದ. “ಇದರಾಗ ಹಾಡೂ ಇಲ್ಲ, ಬಡದಾಟಾನೂ ಇಲ್ಲ. ಇದನ್ನ ನಮ್ಮ ಹಿತ್ತಲದಾಗ ಪುಕ್ಕಟ ನೋಡ್ತೀವಲ್ಲ” ಎಂದು ಎದುರು ಮನೆಯ ಅಕ್ಕವ್ವ ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಗಂಗಾದೇವಿಯ ಜೊತೆ ಉಳಿದವರು ಇಬ್ಬರೇ. ಒಬ್ಬಳು ಬಾಜು ಮನೆಯ ಬಿಲ್ಕೀಸ. ಉರ್ದು ಶಾಲೆಯ ಟೀಚರು. ಇನ್ನೊಬ್ಬಳು ಸಿದ್ದಕ್ಕ. ಅವಳಿಗೆ ಆ ಮುದುಕ ಗಿಡಕ್ಕೆ ನೀರು ಹಾಕಿದ ರೀತಿ ಸೇರಿರಲಿಲ್ಲ. “ಬುಡಕ್ಕ ಹಾಕಬೇಕ, ಎಲಿಗೆ ಹಾಕಾಕತ್ತಾನ ಹುಚ್ಚ,” ಎಂದು ಬೈಯುತ್ತ ಕೂತವಳು, ಮುದುಕ ಕೊನೆಗೆ ಬಾಯಿ ತೆರೆದು ಏನೋ ಅಂದಾಗ ಸೊಸೆಯ ಕಡೆ ಹೊರಳಿ ಕೇಳಿದಳು: “ಏನಂದ?” ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಸಾಲು ಬಂದು ಹೋಗಿತ್ತು. ಗಂಗಾದೇವಿ ಅದನ್ನು ಕನ್ನಡದಲ್ಲಿ ಹೇಳಿದಳು. ಆಮೇಲೆ ಪ್ರತಿ ಸಾಲನ್ನೂ ಹೇಳಿದಳು. ಧಾರವಾಡದಲ್ಲಿ ಎರಡು ವರ್ಷ ಕೂತು ಇಂಗ್ಲಿಷ್ ಎಂ.ಎ. ಮಾಡಿದ್ದು ಇದಕ್ಕೇ ಇರಬಹುದೆಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಲ್ಲಿ ಕಹಿಯಿರಲಿಲ್ಲ. ಒಂದೂವರೆ ತಾಸು ತೆರೆಯ ಮೇಲಿನ ಮಂದಿ ಒಬ್ಬರಿಗೊಬ್ಬರು ಏನೇನೋ ಅನ್ನುತ್ತಿದ್ದರು, ಅದೆಲ್ಲ ಅವಳ ಬಾಯಿಂದ ಬರುತ್ತಿತ್ತು. ಪ್ರೀತಿಸುತ್ತೇನೆ, ಸಾಯುತ್ತೇನೆ, ನಿನ್ನನ್ನು ಕ್ಷಮಿಸುವುದಿಲ್ಲ. ಅವಳು ತನ್ನದಾಗಿ ಎಂದೂ ಆಡದ ಮಾತುಗಳು.

‘ಏನಂದ?’ ಎಂದು ಗಂಡ ಗುರುಪುತ್ರನೂ ಕೇಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಕ್ಯಾಂಪಿನ ಟಾಕೀಜಿಗೆ ಇಂಗ್ಲಿಷ್ ಚಿತ್ರಕ್ಕೆ ಅವನೇ ಕರೆದೊಯ್ದದ್ದು, ಹೆಂಡತಿ ಎಂ.ಎ. ಎಂಬ ಹಿಗ್ಗಿನಲ್ಲಿ. ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಗಾಳಿ ಮಳೆಯ ಲೆಕ್ಕ ಬರೆಯುವ ಕೆಲಸ ಅವನದು. ಅಲ್ಲಿಯ ಇಂಗ್ಲಿಷ್ ಅವನಿಗೆ ಬರುತ್ತಿತ್ತು, ತೆರೆಯ ಮೇಲಿನ ಇಂಗ್ಲಿಷ್ ಬಹಳ ಜೋರಾಗಿ ಓಡುತ್ತಿತ್ತು. ಕತ್ತಲಲ್ಲಿ ಬಾಗಿ ಅವಳ ಕಿವಿಯ ಹತ್ತಿರ, “ಅಂವ ಏನಂದ? ಇಕಿ ಯಾಕ ನಕ್ಕಳ?” ಅವನ ಉಸಿರಿನಲ್ಲಿ ಎಲೆ ಅಡಿಕೆಯ ವಾಸನೆ. ಮುಂದಿನ ಸಾಲಿನಲ್ಲಿದ್ದ ಮಿಲಿಟರಿ ಅಧಿಕಾರಿಯ ಹೆಂಡತಿ ಒಮ್ಮೆ ತಿರುಗಿ ನೋಡಿದಳು. ಬರೀ ನೋಡಿದ್ದಳು, ಏನೂ ಅಂದಿರಲಿಲ್ಲ. ಗಂಗಾದೇವಿಯ ಮೈ ಉರಿದುಹೋಯಿತು. “ಸುಮ್ಮ ಕುಂದರ್ರಿ. ಮಂದಿ ನೋಡಾಕತ್ತಾರ.” ಅವನು ಸುಮ್ಮನೆ ಕೂತ. ಆ ಚಿತ್ರದಲ್ಲಷ್ಟೇ ಅಲ್ಲ, ಆಮೇಲಿನ ಯಾವ ಚಿತ್ರದಲ್ಲೂ ಕೇಳಲಿಲ್ಲ. ಮಂದಿ ನಕ್ಕಾಗ ನಗುತ್ತಿದ್ದ, ಒಂದು ಕ್ಷಣ ತಡವಾಗಿ. ಎಲ್ಲರ ನಗೆ ಇಳಿಯುವಾಗ ಅವನೊಬ್ಬನ ನಗೆ ಏಳುತ್ತಿತ್ತು. ಅವನು ಸತ್ತ ಈ ಮೂರು ವರ್ಷದಲ್ಲಿ ಅವನ ಮುಖ ಮಾಸಿದೆ, ನಡಿಗೆ ಮಾಸಿದೆ. ಆ ತಡವಾದ ನಗೆ ಮಾತ್ರ ಎಲ್ಲೂ ಹೋಗಿಲ್ಲ. ಅವನು ಮತ್ತೊಮ್ಮೆ ಕಿವಿಯ ಹತ್ತಿರ ಬಾಗಲಿ, ಇಡೀ ಟಾಕೀಜು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಲಿ ಎಂದು ಅವಳು ಬೇಡಿಕೊಂಡ ರಾತ್ರಿಗಳಿದ್ದವು. ಆಮೇಲಾಮೇಲೆ ಬೇಡುವುದೂ ನಿಂತಿತು. ಏನೂ ಬೇಡದೆ ಇರುವುದು ಅಭ್ಯಾಸವಾಯಿತು.

ಬಾಳಪ್ಪ ಬಂದದ್ದು ಹನ್ನೆರಡೂವರೆಗೆ. ಕಾಲು ತೊಳೆದು, ಸಿದ್ದಕ್ಕನಿಗೆ ಕೈಮುಗಿದು, ತಂದಿದ್ದ ಗೆಣಸಿನ ಗಂಟನ್ನು ಮುಂದಿಟ್ಟು ಕೂತ. ಊಟವಾಗುವತನಕ ಮಳೆ, ಬಸ್ಸು, ಯಾರದೋ ಎಮ್ಮೆ. ಕೈ ತೊಳೆದ ಮೇಲೆ ಗಂಟಲು ಸರಿಮಾಡಿಕೊಂಡ.

“ಬೀಗತೇರ, ನಾ ಬಂದದ್ದ ನಿಮಗ ಗೊತ್ತೈತಿ.”

“ಗೆಣಸ ಕೊಡಾಕ ಬಂದೀಯಪ.”

“ಚಾಷ್ಟಿ ಮಾಡಬ್ಯಾಡ್ರಿ. ನಾಳೆ ನಾ ಅವರಿಗೆ ಮಾತ ಕೊಡಬೇಕ. ಮೈಲಾರಲಿಂಗ ಭಾಳ ಸಮಾಧಾನದ ಮನಶ್ಯಾ ಅದಾನ. ಒಂದ ಹೆಣ್ಣ ಕೂಸ ಐತಿ, ಅದನ್ನೂ ಅವರಜ್ಜಿ ನೋಡ್ಕೋತಾಳ. ನಮ್ಮ ಗಂಗಾಗ ಇನ್ನೂ ಇಪ್ಪತ್ತೊಂಬತ್ತ.”

“ಆಕಿ ವಯಸ್ಸ ನನಗ ಹೇಳ್ತಿ? ಆಕಿ ಈ ಮನಿಗೆ ಬಂದಾಗ ನಾನ ಆರತಿ ಹಿಡದೀನಿ.” ಸಿದ್ದಕ್ಕ ಗೆಣಸಿನ ಗಂಟು ಬಿಚ್ಚಿ ಒಂದೊಂದನ್ನೇ ತಿರುವಿ ನೋಡುತ್ತಿದ್ದಳು. “ಓದಿದಾಕಿ ಅದಾಳ. ಆಕೀನ ಕೇಳ.”

ಬಾಳಪ್ಪ ತಂಗಿಯ ಕಡೆ ನೋಡಿದ. ಗಂಗಾದೇವಿ ತಾಟುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಮೂರೇ ತಾಟು, ಆದರೂ ಮುಗಿಯದ ಕೆಲಸದ ಹಾಗೆ ಇಡುತ್ತಲೇ ಇದ್ದಳು. “ಅತ್ತಿ ಏನಂತಾರ ಹಂಗ” ಎಂದಳು. ತನ್ನ ದನಿ ತನಗೇ ಹೇಸಿಗೆಯಾಯಿತು. ಅತ್ತೆಯ ಮೇಲೆ ಹೊರಿಸಿ ತಾನು ಒಳ್ಳೆಯವಳಾಗಿ ಉಳಿಯುವ ದನಿ.

“ಕೇಳಿದೆಲ್ಲ?” ಎಂದಳು ಸಿದ್ದಕ್ಕ. “ಈಗ ಪಿಚ್ಚರ ಸುರು ಆಗೂ ಹೊತ್ತಾತು. ಪಿಚ್ಚರ ಮುಗೀಲಿ.”

ತಾಟುಗಳನ್ನು ಹಿತ್ತಿಲಿಗೆ ಒಯ್ದು ಬೂದಿ ಹಚ್ಚುವಾಗ ಗಂಗಾದೇವಿಯ ಬಲಗೈ ಅಂಗೈ ಬೆಚ್ಚಗಾಯಿತು. ತಿಂಗಳ ಹಿಂದೆ ಖಾನಾಪುರದಲ್ಲಿ ಅಣ್ಣ ಕೊಟ್ಟಿಗೆಗೆ ಹೆಂಚು ನೋಡಬೇಕೆಂದು ನೆವ ಮಾಡಿ ಅವಳನ್ನು ಮೈಲಾರಲಿಂಗ ಕೆಲಸ ಮಾಡುವ ಹೆಂಚಿನ ಕಾರ್ಖಾನೆಗೆ ಕರೆದೊಯ್ದಿದ್ದ. ನೆವವೆಂದು ಎಲ್ಲರಿಗೂ ಗೊತ್ತಿತ್ತು. ಮೈಲಾರಲಿಂಗನಿಗೂ ಗೊತ್ತಿದ್ದು, ಅವನು ನಾಚಿಕೆಗೆ ಬರೀ ಹೆಂಚಿನ ಬಗ್ಗೆ ಮಾತಾಡಿದ. ಮಣ್ಣು ಎಲ್ಲಿಂದ ಬರುತ್ತದೆ, ಎಷ್ಟು ದಿನ ನೆರಳಲ್ಲಿ ಒಣಗಬೇಕು, ಭಟ್ಟಿ ಎಷ್ಟು ದಿನ ಉರಿಯಬೇಕು. ಅವನ ಉಗುರಿನ ಸಂದಿಯಲ್ಲಿ, ಹುಬ್ಬಿನ ಕೂದಲಲ್ಲಿ ಕೆಂಪು ಹುಡಿ. ಸಾಲಾಗಿ ಜೋಡಿಸಿದ್ದ ಹೆಂಚಿನ ಮುಂದೆ ನಿಂತು, “ಭಟ್ಟಿ ಆರಿಸಿ ಮೂರ ದಿನ ಆತ. ಕೈ ಇಟ್ಟ ನೋಡ್ರಿ, ಇನ್ನೂ ಬೆಚ್ಚಗ ಅದಾವ” ಎಂದ. ಅವಳು ಇಟ್ಟಳು. ಹೆಂಚು ಹೊರುತ್ತಿದ್ದ ಹೆಂಗಸೊಬ್ಬಳು ಹಾದುಹೋಗುತ್ತ, “ಗರಮ್ ಆಹೇ, ಬಾಯಿ!” ಬಿಸಿ ಇದೆಯಮ್ಮಾ, ಎಂದು ಮರಾಠಿಯಲ್ಲಿ ಅಂದು ನಕ್ಕಳು. ಗಂಗಾದೇವಿ ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಬೆಳಗಾವಿಯ ಬಸ್ಸಿನಲ್ಲಿ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು, ಯಾರಾದರೂ ನೋಡಿ ಕಿತ್ತುಕೊಳ್ಳುವರೆಂಬಂತೆ. ಮನೆಗೆ ಬಂದಾಗ ಸಿದ್ದಕ್ಕ, “ಹೆಂಚ ಹೆಂಗದಾವ?” ಎಂದು ಕೇಳಿದಳು. “ಅಷ್ಟೇನೂ ಛಲೋ ಇಲ್ಲ” ಎಂದಿದ್ದಳು.

ಬಿಲ್ಕೀಸ ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಬಂದು, ಬಾಳಪ್ಪನಿಗೆ ಸಲಾಮು ಹೇಳಿ, ತನ್ನ ಕಂಬದ ಜಾಗದಲ್ಲಿ ಕೂತಳು. “ಇವತ್ತ ಯಾವ ದೇಶದ್ದು?” “ಹಂಗೇರಿ” ಎಂದಳು ಗಂಗಾದೇವಿ. “ಬರ್ಫ ಇರ್ತೈತೇನ?” ಎಂದಳು ಸಿದ್ದಕ್ಕ. ಆರು ವಾರದಲ್ಲಿ ಅವಳಿಗೆ ಬರ್ಫದ, ತೆರೆಯ ಮೇಲೆ ಬೀಳುವ ಹಿಮದ, ರುಚಿ ಹತ್ತಿತ್ತು. ಬಾಳಪ್ಪ ಗೋಡೆಗೆ ಒರಗಿ, ಹೊತ್ತು ಹೋಗಬೇಕಲ್ಲ ಎಂದು ಕಣ್ಣು ಅರ್ಧ ಮುಚ್ಚಿದ.

ಬರ್ಫವಿತ್ತು. ಬಯಲಿನ ನಡುವೆ ಒಂದೇ ಮನೆ, ಅದರಲ್ಲಿ ಒಬ್ಬ ಮುದುಕಿ, ಒಬ್ಬ ಹರೆಯದ ಹೆಂಗಸು. ಮುದುಕಿಯ ಮಗ ಯುದ್ಧದಲ್ಲಿ ಸತ್ತಿದ್ದಾನೆ. ಹರೆಯದವಳು ಅವನ ಹೆಂಡತಿ. ಇದು ತಿಳಿದದ್ದು ಮಾತಿನಿಂದಲ್ಲ, ಗೋಡೆಯ ಮೇಲಿನ ಫೋಟೋದಿಂದ. ಗಂಗಾದೇವಿಗೆ ಮೊದಲ ಐದು ನಿಮಿಷದಲ್ಲೇ ಎದ್ದು ಹೋಗಬೇಕೆನ್ನಿಸಿತು. ನೀರಿಗೆಂದು ಎದ್ದರೆ ಸಿದ್ದಕ್ಕ ಸೆರಗು ಹಿಡಿದು ಕೂರಿಸಿದಳು. ಇಬ್ಬರು ಹೆಂಗಸರು ರೊಟ್ಟಿ ಸುಟ್ಟರು, ಕಟ್ಟಿಗೆ ತಂದರು, ಒಂದೇ ದೀಪದ ಎದುರು ಬದುರು ಕೂತು ಬಟ್ಟೆ ಹೊಲಿದರು. ದಿನಕ್ಕೊಮ್ಮೆ ಒಂದು ಗಾಡಿ ದೂರದ ರಸ್ತೆಯಲ್ಲಿ ಹೋಗುತ್ತಿತ್ತು, ಅದನ್ನು ಹೊಡೆಯುವವನು ಈ ಮನೆಯ ಕಡೆ ಕೈಯೆತ್ತುತ್ತಿದ್ದ. ಹರೆಯದವಳು ಒಮ್ಮೆಯೂ ಕೈಯೆತ್ತಲಿಲ್ಲ. ಗಾಡಿ ಮರೆಯಾದ ಮೇಲೂ ಕಿಟಕಿಯ ಹತ್ತಿರ ನಿಂತಿರುತ್ತಿದ್ದಳು. “ಆಕಿ ಮನಸ ಗಾಡಿ ಹತ್ತೇತಿ” ಎಂದಳು ಬಿಲ್ಕೀಸ, ಶೇಂಗಾ ಸುಲಿಯುತ್ತ. ಸಿದ್ದಕ್ಕ ಮುದುಕಿಯ ಕೈಯನ್ನೇ ನೋಡುತ್ತಿದ್ದಳು. ಹಿಟ್ಟನ್ನು ಮುಷ್ಟಿಯಿಂದ ಗುದ್ದುತ್ತಿದ್ದ ಕೈ.

ಆಮೇಲೆ ಹರೆಯದವಳು ದೀಪದ ಎದುರು ಸೂಜಿ ಕೆಳಗಿಟ್ಟು, ಮುದುಕಿಯ ಮುಖ ನೋಡದೆ, ಮೆಲ್ಲಗೆ ಏನೋ ಹೇಳಿದಳು. ಕೆಳಗಿನ ಸಾಲು ಬಂತು. ಗಾಡಿ ಗುರುವಾರ ಬರುತ್ತದೆ, ನಾನು ಅವನ ಜೊತೆ ಹೋಗುತ್ತೇನೆ, ನನಗೆ ಬದುಕಬೇಕಾಗಿದೆ. ಸಾಲು ಉಳಿದ ಸಾಲುಗಳಿಗಿಂತ ಹೆಚ್ಚು ಹೊತ್ತು ನಿಂತಂತೆ ಗಂಗಾದೇವಿಗೆ ಕಂಡಿತು.

“ಏನಂದ್ಲ?” ಎಂದಳು ಸಿದ್ದಕ್ಕ.

ಪಡಸಾಲೆಯಲ್ಲಿ ಅಣ್ಣನಿದ್ದ. ಈ ಮಾತು ತನ್ನ ಬಾಯಿಂದ ಕನ್ನಡದಲ್ಲಿ ಬಂದರೆ ಅದು ಯಾರ ಮಾತಾಗುತ್ತದೆ?

“ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತೀನಿ ಅಂದ್ಲು.”

ಶೇಂಗಾ ಸುಲಿಯುವ ಸದ್ದು ನಿಂತಿತು. ಬಿಲ್ಕೀಸಳಿಗೆ ಓದುವಷ್ಟು ಇಂಗ್ಲಿಷ್ ಬರುತ್ತಿತ್ತು. ಗಂಗಾದೇವಿ ಅವಳ ಕಡೆ ನೋಡಲಿಲ್ಲ. ನೋಡದೆಯೇ ಅವಳು ತನ್ನನ್ನು ನೋಡುತ್ತಿರುವುದು ಕೆನ್ನೆಗೆ ತಿಳಿಯಿತು. ಸಿದ್ದಕ್ಕ ಬರೀ “ಹೂಂ” ಎಂದಳು. ತೆರೆಯ ಮೇಲೆ ಬೆಳಗಾಯಿತು. ಹರೆಯದವಳು ಅಟ್ಟದಿಂದ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಇಳಿಸಿ, ಧೂಳು ಒರೆಸಿ, ಬಟ್ಟೆ ಮಡಿಸಿ ಇಡತೊಡಗಿದಳು.

“ಇಲ್ಲೇ ಇರ್ತೀನಿ ಅಂದಾಕಿ ಪೆಟಗಿ ಯಾಕ ತುಂಬಾಕತ್ತಾಳ?”

“ಅದು... ತವರಿಗೆ ಹೋಗಿ ಬರಾಕ.”

“ಚಳಿ ಅಂಗೀನೂ ಇಟಗೊಂಡ್ಲು, ಬ್ಯಾಸಗಿ ಅಂಗೀನೂ ಇಟಗೊಂಡ್ಲು.” ಸಿದ್ದಕ್ಕ ಟಿ.ವಿ.ಯಿಂದ ಕಣ್ಣು ತೆಗೆದಿರಲಿಲ್ಲ. “ನನಗ ಅಕ್ಷರ ಬರೂದಿಲ್ಲ ಗಂಗವ್ವ. ಮಂದಿ ಮಾರಿ ನೋಡಿದ್ರ ತಿಳೀತೈತಿ. ಅವತ್ತ ದವಾಖಾನ್ಯಾಗೂ ಹಿಂಗ ಹೇಳಿದ್ದಿ.”

ದವಾಖಾನೆಗೆ ಸೇರಿಸಿದ ಹನ್ನೊಂದನೆಯ ದಿನ. ಕಾಮಣಿಯಿಂದ ಗುರುಪುತ್ರನ ಕಣ್ಣಿನ ಬಿಳುಪು ಅರಿಷಿಣವಾಗಿತ್ತು. ಡಾಕ್ಟರು ಮಂಚದ ಪಕ್ಕದಲ್ಲೇ ನಿಂತು, ಇವಳು ಎಂ.ಎ. ಎಂದು ತಿಳಿದು, ಇಂಗ್ಲಿಷಿನಲ್ಲಿ ಮಾತಾಡಿದರು. ಪಿತ್ತಜನಕಾಂಗ ಕೈಬಿಟ್ಟಿದೆ, ಎರಡು ದಿನ, ಹೆಚ್ಚೆಂದರೆ ಮೂರು. ಬಹಳ ಜೋರಾಗಿ ಓಡುವ ಇಂಗ್ಲಿಷ್. ಅವರು ಹೋದ ಮೇಲೆ ಗುರುಪುತ್ರ ದಿಂಬಿನಿಂದ ತಲೆಯೆತ್ತಿ ಕೇಳಿದ. ಟಾಕೀಜಿನ ಆ ಸಂಜೆಯ ಬಳಿಕ ಅವನು ಕೇಳಿದ್ದು ಅದೊಂದೇ ಸಲ. “ಡಾಕ್ಟರ್ ಏನಂದ್ರು?” ಅವಳು ಹೇಳಿದಳು: “ನಾಡಿದ್ದ ಮನಿಗೆ ಕಳಸ್ತಾರಂತ.” ಅವನು ನಕ್ಕ. ನಾಡಿದ್ದು ಮನೆಗೆ ಹೋದ ಮೇಲೆ ಏನು ತಿನ್ನಬೇಕೆಂದು ಯೋಚಿಸಿ, ತಾಯಿಗೆ ಹೇಳಿಯೂ ಬಿಟ್ಟ. ಅವನು ಹೇಳಬೇಕಾದದ್ದು ಏನಾದರೂ ಇತ್ತೋ, ಅವಳು ಹೇಳಬೇಕಾದದ್ದು ಎಷ್ಟಿತ್ತೋ, ಎಲ್ಲ ಆ ಒಂದು ಸಾಲಿನ ಕೆಳಗೆ ಮುಚ್ಚಿಹೋಯಿತು. ಮಂಚದ ಕಾಲ್ದೆಸೆಯಲ್ಲಿ ಸಿದ್ದಕ್ಕ ಮಗನ ಕಾಲು ಒತ್ತುತ್ತಿದ್ದಳು. ಅವಳು ತಲೆಯೆತ್ತಿ ಸೊಸೆಯ ಮುಖ ನೋಡಿದ್ದಳು, ಮತ್ತೆ ಕಾಲು ಒತ್ತಿದ್ದಳು. ಮೂರು ವರ್ಷ ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ, ಗೊತ್ತಿದ್ದೂ ಅಂದಿರಲಿಲ್ಲ.

“ಅತ್ತಿ...” ಎಂದಳು ಗಂಗಾದೇವಿ.

“ಬೈಯಾಕತ್ತಿಲ್ಲ. ಅವತ್ತ ನೀ ಹಂಗ ಹೇಳಿದ್ದಕ್ಕ ನನ್ನ ಮಗಾ ಎರಡ ದಿನ ಸುಖದಿಂದ ಇದ್ದ. ಆದ್ರ ನಾ ಸಾಯಾಕತ್ತಿಲ್ಲ. ನನಗ್ಯಾಕ ಹೇಳ್ತಿ ಸುಳ್ಳ?”

ಬಾಳಪ್ಪ ಕಣ್ಣು ತೆರೆದು ನೆಟ್ಟಗೆ ಕೂತಿದ್ದ. ಏನಾಯಿತೆಂದು ತಿಳಿಯದೆ ಒಮ್ಮೆ ಬಿಲ್ಕೀಸಳನ್ನು, ಒಮ್ಮೆ ಟಿ.ವಿ.ಯನ್ನು ನೋಡಿದ. ಅಲ್ಲಿ ಗಾಡಿ ಮನೆಯ ಹತ್ತಿರ ಬಂದು ನಿಂತಿತ್ತು. ಗಾಡಿಯವನು ಪೆಟ್ಟಿಗೆ ಎತ್ತಿಟ್ಟ. ಹರೆಯದವಳು ಬರ್ಫದಲ್ಲಿ ನಾಲ್ಕು ಹೆಜ್ಜೆ ಹೋಗಿ ನಿಂತಳು. ಮುದುಕಿ ಹೊಸ್ತಿಲ ಮೇಲೆ ಬಂದಳು. ಗಾಳಿ ಬಹಳ ಜೋರಿತ್ತು. ಮುದುಕಿಯ ಬಾಯಿ ಅಲುಗಿತು. ಗಾಳಿಯ ಸದ್ದಿನಲ್ಲಿ ಮಾತು ಕೇಳಲಿಲ್ಲ. ಗಂಗಾದೇವಿ ಕೆಳಗಿನ ಸಾಲಿಗೆ ಕಾದಳು. ಸಾಲು ಬರಲಿಲ್ಲ.

“ಮುದುಕಿ ಏನಂದ್ಲ?”

“ಏನೂ ಬರಲಿಲ್ಲ ಅತ್ತಿ.”

“ಬಾಯಿ ಅಲ್ಲಾಡ್ತಲ್ಲ.”

“ಖರೇನ ಏನೂ ಬರಲಿಲ್ಲ. ಬಿಲ್ಕೀಸನ್ನ ಕೇಳ್ರಿ.”

“ಹೌದ್ರಿ ಅವ್ವಾರ,” ಎಂದಳು ಬಿಲ್ಕೀಸ. “ಈ ಸಲ ಖರೇನ ಬರಲಿಲ್ಲ.”

ಸಿದ್ದಕ್ಕ ಸ್ವಲ್ಪ ಹೊತ್ತು ಹೊಸ್ತಿಲ ಮೇಲಿನ ಆ ಮುದುಕಿಯನ್ನು ನೋಡಿದಳು. ಮುದುಕಿ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಗಲ್ಲದ ಕೆಳಗೆ ಬಿಗಿದುಕೊಂಡಳು. ಸಿದ್ದಕ್ಕನೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಚಳಿಗಲ್ಲ, ಹಿರಿಯರೆದುರು ಮಾತಾಡುವ ಮೊದಲು ಎಳೆದುಕೊಳ್ಳುವಂತೆ.

“ನಾ ಹೇಳ್ತೀನಿ ಆಕಿ ಏನಂದ್ಲು ಅಂತ. ಹೋಗು ಅಂದ್ಲು. ಹೋಗವಾ, ಹೊತ್ತಾಗೇತಿ, ದಾರಿ ದೂರ ಐತಿ. ಹಿಂದ ಹೊಳ್ಳಿ ನೋಡಿಗೀಡಿದಿ ಅಂದ್ರ ನನಗ ಬಾಗಲಾ ಹಾಕಾಕ ಆಗೂದಿಲ್ಲ. ಹೋಗು.”

ಟಿ.ವಿ.ಯಲ್ಲಿ ಗಾಡಿ ಹೊರಟಿತು. ಬಾಳಪ್ಪನಿಗೆ ಸ್ವಲ್ಪ ತಡವಾಗಿ ಹೊಳೆಯಿತು.

“ಬೀಗತೇರ, ಇದು ಆ ಮುದುಕೀ ಮಾತೋ, ನಿಮ್ಮ ಮಾತೋ?”

“ನಿನ್ನ ಕಿವ್ಯಾಗ ಬಿತ್ತಿಲ್ಲ? ಬಿಲ್ಕೀಸ ಕೇಳ್ಯಾಳ. ಸಾಕ. ಎರಡೆರಡ ಸಲ ಅನ್ನಸಬ್ಯಾಡ್ರಿ ನನ್ನ ಕಡಿಂದ.” ಗೆಣಸಿನ ಗಂಟನ್ನು ಬಾಜುವಿಗೆ ಸರಿಸಿದಳು. “ಈಗ ಆಕೀನ ಕೇಳ. ನನ್ನ ಮ್ಯಾಲ ಹಾಕದ ಹೇಳಂತ ಹೇಳ.”

ಅಣ್ಣ ಕೇಳುವ ಮೊದಲೇ ಗಂಗಾದೇವಿ “ಬರ್ತೀನಿ” ಎಂದಳು. ದನಿ ಒಡೆದು, ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. ಅದನ್ನು ಅಂದ ಕೂಡಲೇ ಅಂಗೈ ನೆನಪಾಗಲಿಲ್ಲ, ಹೆಂಚು ನೆನಪಾಗಲಿಲ್ಲ. ಮರಗಟ್ಟಿದ್ದ ಕಾಲಿಗೆ ರಕ್ತ ಇಳಿಯುವಾಗ ಆಗುವಂಥ ಚುಚ್ಚುವಿಕೆ ಎದೆಯೊಳಗೆ, ಅಷ್ಟೇ.

ಬಾಳಪ್ಪ ನಾಲ್ಕರ ಬಸ್ಸು ಹಿಡಿಯಬೇಕೆಂದು ಎದ್ದ. ಹೋಗುವಾಗ ಸಿದ್ದಕ್ಕನ ಕಾಲು ಮುಟ್ಟಿದ. ಅವಳು, “ಗೆಣಸ ಸಪ್ಪಗದಾವ ಅಂತ ಹೇಳ ನಿನ್ನ ಹೇಣ್ತಿಗೆ” ಎಂದಳು. ಗಂಗಾದೇವಿ ಅವನನ್ನು ಓಣಿಯ ಕೊನೆತನಕ ಕಳಿಸಿ, ತಿರುಗಿ ಬಂದು ಚಹಾ ಮಾಡಿ ತಂದಾಗ ಒಳಗೆ ಇಬ್ಬರೂ ನಗುತ್ತಿದ್ದರು.

“ಮುಂದಿನ ಐತವಾರ ಕಡೇದ್ದು,” ಸಿದ್ದಕ್ಕ ಹೇಳುತ್ತಿದ್ದಳು. “ನೀನ ಓದಿ ಹೇಳಬೇಕ ನೋಡ ಬಿಲ್ಕೀಸ. ಅಷ್ಟೊತ್ತಿಗೆ ಇಕಿ ತವರಾಗ ಇರ್ತಾಳ.”

“ನನಗ ಅಷ್ಟ ಜಲ್ದಿ ಓದಾಕ ಎಲ್ಲಿ ಬರ್ತೈತ್ರಿ ಅವ್ವಾರ? ಅರ್ಧಾ ಓದೂದ್ರಾಗ ಹೋಗಿಬಿಡ್ತೈತಿ.”

“ಹೋಗ್ಲಿ ಬಿಡ. ಉಳದ ಅರ್ಧಾ ನಾ ಹೇಳ್ತೀನಿ.”

ಇಬ್ಬರೂ ಮತ್ತೆ ನಕ್ಕರು. ಗಂಗಾದೇವಿ ಕಪ್ಪುಬಸಿ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲೇ ನಿಂತಳು. ಕಂಬದ ಹತ್ತಿರದ ಬಿಲ್ಕೀಸ ಆಗಲೇ ಸರಿದು ಚಾಪೆಯ ಮೇಲೆ, ಸಿದ್ದಕ್ಕನ ಮಗ್ಗುಲಿಗೆ ಬಂದಿದ್ದಳು. ಗಂಗಾದೇವಿ ಆರು ವಾರ ಕೂತ ಜಾಗ. ತನಗಾದದ್ದು ಹೊಟ್ಟೆಕಿಚ್ಚು ಎಂದು ಅವಳಿಗೆ ಮೊದಲು ತಿಳಿಯಲಿಲ್ಲ, ಅದಾಗಿ ಅಷ್ಟು ದಿನವಾಗಿತ್ತು. ಖಾನಾಪುರ ಒಂದು ತಾಸಿನ ದಾರಿ. ಭಾನುವಾರ ಬೆಳಗಿನ ಬಸ್ಸಿಗೆ ಬಂದು ಸಂಜೆ ಹೋಗಬಹುದು. ಆದರೆ ಉಡಿಕಿಯಾಗಿ ಹೋದವಳು ಮೊದಲ ಗಂಡನ ಹೊಸ್ತಿಲು ತುಳಿಯುವುದಿಲ್ಲ. ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಚಹಾ ಕೊಟ್ಟಳು. ಬಿಲ್ಕೀಸ ಅವಳ ಮುಖ ನೋಡಿ, ಮಕ್ಕಳು ಕಾಯುತ್ತಾರೆಂದು ನಿಂತೇ ಚಹಾ ಕುಡಿದು ಹೋದಳು. ಚಿತ್ರ ಮುಗಿದು ಎಷ್ಟೋ ಹೊತ್ತಾಗಿತ್ತು. ಮಧ್ಯಾಹ್ನದ ಪ್ರಸಾರವೂ ಮುಗಿದು, ಪರದೆಯ ತುಂಬ ಬಿಳಿ ಚುಕ್ಕೆಗಳು ಸುರಿಯುತ್ತಿದ್ದವು. ಗಂಗಾದೇವಿ ಚಾಪೆಯ ಮೇಲೆ, ಅತ್ತೆಯ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಸಿದ್ದಕ್ಕ ಬಸಿಯಲ್ಲಿ ಚಹಾ ಸುರಿದು, ಊದಿ, ಒಂದು ಗುಟುಕು ಕುಡಿದಳು.

“ಬಂದ್ ಮಾಡವಾ ಇನ್ನ. ಮುಗೀತಲ್ಲ.”

“ಇನ್ನೊಂದೀಟ ಇರ್ಲಿ, ಅತ್ತಿ” ಎಂದಳು ಗಂಗಾದೇವಿ.